ಮೂರನೆಯ ಬಡಿತ

ಆ ಮನೆಯಲ್ಲಿ ಯಾರೂ ಯಾವುದನ್ನೂ ಎರಡು ಸಲ ಬಡಿದು ನಿಲ್ಲಿಸುವಂತಿರಲಿಲ್ಲ. ಬಾಗಿಲು ತಟ್ಟುವವರು ಒಂದು ಸಲ ತಟ್ಟಬೇಕು, ಇಲ್ಲವೇ ಮೂರು ಸಲ. ಸೌಟನ್ನು ಪಾತ್ರೆಯ ಅಂಚಿಗೆ ಕೊಡವುವಾಗಲೂ ಎಚ್ಚರವಾಗಿರಬೇಕು. ಹೀಗಂತ ಗೋಡೆಯ ಮೇಲೆ ಬರೆದು ಹಾಕಿರಲಿಲ್ಲ, ಯಾರೂ ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಆದರೆ ಟೈಲರಮ್ಮನಿಗೆ ಗೊತ್ತಿತ್ತು, ಅವಳ ಮಗಳಿಗೂ ಗೊತ್ತಿತ್ತು. ಎರಡು ಸದ್ದು ಬಿದ್ದು ನಿಂತರೆ ಸಾಕು, ಒಳಗೆ ಕುರ್ಚಿಯಲ್ಲಿ ಕೂತ ಮನುಷ್ಯ ಕೂತಲ್ಲೇ ಕಲ್ಲಾಗುತ್ತಿದ್ದ. ಬಲಗೈ ಗಾಳಿಯಲ್ಲಿ ನಿಲ್ಲುತ್ತಿತ್ತು. ಕಣ್ಣು ನೆಲದ ಕಡೆಗೆ ಹೋಗುತ್ತಿತ್ತು, ನೆಲದ ಕೆಳಗೆ ಯಾರೋ ಇದ್ದಾರೆ ಅನ್ನುವ ಹಾಗೆ. ಸ್ವಲ್ಪ ಹೊತ್ತು ಕಾದು, ಏನೂ ಕೇಳದಿದ್ದಾಗ, ತಾನೇ ಕುರ್ಚಿಯ ಕೈಗೆ ಬೆರಳಿನ ಗೆಣ್ಣಿನಿಂದ ಒಂದು ಬಡಿಯುತ್ತಿದ್ದ. ಅಲ್ಲಿಗೆ ಮೂರಾಯಿತು. ಆಮೇಲೆ ಉಸಿರು ಬಿಡುತ್ತಿದ್ದ.

ಅವನು ಟೈಲರಮ್ಮನ ಗಂಡ, ಲಿಫ್ಟ್ ಮೆಕ್ಯಾನಿಕ್. ಈಗಲೂ ಮೆಕ್ಯಾನಿಕ್ ಎನ್ನಬೇಕೋ, ಆಗಿದ್ದ ಎನ್ನಬೇಕೋ ಅವಳಿಗೇ ತಿಳಿಯದು, ಯಾಕೆಂದರೆ ಹದಿನಾಲ್ಕು ತಿಂಗಳಿಂದ ಅವನು ಯಾವ ಲಿಫ್ಟಿನ ಹತ್ತಿರವೂ ಸುಳಿದಿರಲಿಲ್ಲ. ಆಳು ಗಿಡ್ಡ. ಕಂಪನಿಯಲ್ಲಿ ಎಲ್ಲರೂ ಅವನನ್ನು ಗಿಡ್ಡಣ್ಣ ಎಂದೇ ಕರೆಯುತ್ತಿದ್ದರು. ಅವನ ಜೊತೆಗಾರ ಆರಡಿ ದಾಟಿದವನು, ಅವನು ಉದ್ದಣ್ಣ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗುವುದನ್ನು ನೋಡಿ ಬೀದಿಯವರು ನಗುತ್ತಿದ್ದರು. ಗಿಡ್ಡಣ್ಣನೇ ಓಡಿಸುತ್ತಿದ್ದ. ಹಿಂದೆ ಕೂತ ಉದ್ದಣ್ಣ ಅವನ ತಲೆಯ ಮೇಲಿಂದ ರಸ್ತೆ ನೋಡುತ್ತಾ "ಗುಂಡಿ ಇದೆ, ಎಡಕ್ಕೆ ತಗೋ" ಎಂದು ಹೇಳುತ್ತಿದ್ದ. ಇಪ್ಪತ್ತೊಂದು ವರ್ಷ ಹಾಗೇ ನಡೆದಿತ್ತು.

ಲಿಫ್ಟ್ ರಿಪೇರಿ ಇಬ್ಬರ ಕೆಲಸ. ಒಬ್ಬ ಕಟ್ಟಡದ ನೆತ್ತಿಯ ಮೇಲಿನ ಮೆಷಿನ್ ರೂಮಿನಲ್ಲಿ ನಿಂತು ಗುಂಡಿ ಒತ್ತಬೇಕು, ಇನ್ನೊಬ್ಬ ಲಿಫ್ಟಿನ ಪೆಟ್ಟಿಗೆಯ ತಲೆಯ ಮೇಲೆ ಕೂತು ಕತ್ತಲೆಯ ಬಾವಿಯೊಳಗೆ ಮೇಲೆ ಕೆಳಗೆ ಹೋಗುತ್ತಾ ನಟ್ಟು ಬೋಲ್ಟು ನೋಡಬೇಕು. ಕೂಗಿದರೆ ಮಾತು ಗೋಡೆಗೆ ಬಡಿದು ಕಲಸಿಹೋಗುತ್ತದೆ, ಫೋನಿಗೆ ಸಿಗ್ನಲ್ ಇರುವುದಿಲ್ಲ. ಕಂಪನಿ ಕೊಟ್ಟ ವಾಕಿಟಾಕಿ ಚಾರ್ಜಿಲ್ಲದೆ ಚೀಲದ ತಳದಲ್ಲಿ ಮಲಗಿರುತ್ತಿತ್ತು. ಹಾಗಾಗಿ ಇವರಿಬ್ಬರೂ ತಮ್ಮದೇ ಒಂದು ಭಾಷೆ ಮಾಡಿಕೊಂಡಿದ್ದರು. ಪೆಟ್ಟಿಗೆಯ ಮೇಲಿದ್ದವನು ಪಕ್ಕದ ಕಬ್ಬಿಣದ ಕಂಬಿಗೆ ಸ್ಪ್ಯಾನರಿನಿಂದ ಬಡಿಯುತ್ತಿದ್ದ. ಎರಡು ಬಡಿದರೆ ಮೇಲಕ್ಕೆ ತಗೋ. ಮೂರು ಬಡಿದರೆ ಬೇಡ, ನಿಲ್ಲು. ಆದರೆ ಮೂರು ಬಡಿಯುವವನೂ ಮೊದಲು ಎರಡು ಬಡಿಯಲೇಬೇಕಲ್ಲ. ಅದಕ್ಕೇ ಮೇಲಿದ್ದವನು ಎರಡು ಕೇಳಿದ ತಕ್ಷಣ ಗುಂಡಿ ಒತ್ತಬಾರದು, ಒಂದು ತುಂಬು ಉಸಿರು ಎಳೆದು ಬಿಡುವಷ್ಟು ಹೊತ್ತು ಕಾಯಬೇಕು. ಮೂರನೆಯದು ಬರದಿದ್ದರೆ ಆಗ ಒತ್ತಬೇಕು. ಕಾಯುವುದರಲ್ಲಿ ಉದ್ದಣ್ಣ ಪಳಗಿದವನು. ಪೆಟ್ಟಿಗೆಯ ಮೇಲೆ ಹೋಗುವವನು ಯಾವಾಗಲೂ ಗಿಡ್ಡಣ್ಣನೇ, ಇಕ್ಕಟ್ಟಿನಲ್ಲಿ ಅವನಾದರೆ ಆರಾಮಾಗಿ ಹಿಡಿಸುತ್ತಿದ್ದ.

ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಗಿಡ್ಡಣ್ಣನ ಸೊಂಟ ಹಿಡಿದುಕೊಂಡಿತ್ತು. ಬಗ್ಗಲು ಆಗುತ್ತಿರಲಿಲ್ಲ. "ಇವತ್ತು ನಾನು ಕೆಳಗೆ ಇಳೀತೀನಿ, ನೀನು ಮೇಲೆ ದೊರೆ ಥರ ನಿಂತ್ಕೋ" ಎಂದ ಉದ್ದಣ್ಣ. ಜಾಗ ಅದಲು ಬದಲಾಯಿತು. ಎಂಟು ಮಹಡಿಯ ಕಚೇರಿ ಕಟ್ಟಡ. ಹನ್ನೊಂದು ಗಂಟೆಯ ಹೊತ್ತಿಗೆ ಕೆಳಗಿನಿಂದ ಎರಡು ಬಡಿತ ಬಂತು, ಗಿಡ್ಡಣ್ಣ ಗುಂಡಿ ಒತ್ತಿದ, ಪೆಟ್ಟಿಗೆ ಮೇಲೆದ್ದಿತು. ಉದ್ದಣ್ಣನ ಬಲಗಾಲು ಆಗ ಪೆಟ್ಟಿಗೆಯ ಅಂಚಿನಿಂದ ಆಚೆಗಿತ್ತು. ಜೀವ ಉಳಿಯಿತು. ಸೊಂಟದ ಮೂಳೆ ಮುರಿಯಿತು, ಕಾಲು ಮಂಡಿಯಿಂದ ಕೆಳಗೆ ಹೋಯಿತು.

ಗಿಡ್ಡಣ್ಣನಿಗೆ ಒಂದು ಗೀರೂ ಆಗಿರಲಿಲ್ಲ. ಅದೇ ಎಡವಟ್ಟಾಗಿದ್ದು. ಮೈಮೇಲೆ ಗಾಯವಿಲ್ಲದವನನ್ನು ಯಾರು ವಿಚಾರಿಸುತ್ತಾರೆ? ನೆಂಟರಿಷ್ಟರು ಬಂದು "ಸದ್ಯ, ನೀನು ಬಚಾವಾದೆ" ಎಂದರು. ಅವನು ಆ ಮಾತು ಕೇಳಿ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದ. ಆಮೇಲೆ ದಿನಕ್ಕೆ ಹತ್ತು ಸಲ ತೊಳೆಯತೊಡಗಿದ. ಗ್ರೀಸಿನ ವಾಸನೆ ಹೋಗುತ್ತಿಲ್ಲ ಎನ್ನುತ್ತಿದ್ದ. ಟೈಲರಮ್ಮ ಅವನ ಅಂಗೈ ಮೂಸಿ ನೋಡಿದರೆ ಬರೀ ಸಾಬೂನಿನ ವಾಸನೆ.

ಕಂಪನಿಯವರು ಅವನನ್ನು ಬಿಡಿಭಾಗದ ಸ್ಟೋರಿನಲ್ಲಿ ಕೂರಿಸಿದರು. ಎರಡನೇ ವಾರ ಯಾರೋ ಶಟರ್ ದಡಾರನೆ ಎಳೆದರು. ನೋಡಿದರೆ ಇವನು ಮೇಜಿನ ಕೆಳಗಿದ್ದ, ಎರಡೂ ಕೈಯಲ್ಲಿ ಮೇಜಿನ ಕಾಲು ತಬ್ಬಿಕೊಂಡು, ಮೈಯೆಲ್ಲಾ ಬೆವತು. ನಾಲ್ಕು ಜನ ಸೇರಿ ಎಬ್ಬಿಸಬೇಕಾಯಿತು. ಎದ್ದವನು ಯಾರ ಮುಖವನ್ನೂ ನೋಡದೆ ಮನೆಗೆ ಬಂದ, ಮತ್ತೆ ಹೋಗಲಿಲ್ಲ. ಹೊರಗೆ ಹೋಗಬೇಕಾಗಿ ಬಂದರೆ ಆ ಎಂಟು ಮಹಡಿಯ ಕಟ್ಟಡ ಕಣ್ಣಿಗೆ ಬೀಳಬಾರದೆಂದು ಊರನ್ನೆಲ್ಲ ಸುತ್ತು ಹಾಕುತ್ತಿದ್ದ. ಹತ್ತು ನಿಮಿಷದ ಔಷಧಿ ಅಂಗಡಿಗೆ ಮುಕ್ಕಾಲು ಗಂಟೆ. ಮಂಚದ ಮೇಲೆ ಮಲಗುವುದನ್ನು ಬಿಟ್ಟ. ಕುರ್ಚಿಯಲ್ಲೇ ಕೋಳಿನಿದ್ದೆ, ಎಚ್ಚರಾದರೆ ಎದ್ದು ಬಾಗಿಲು ನೋಡಿ ಬರುವುದು. ಒಂದು ದಿನ ಮಗಳು ಸೈಕಲ್ ಬೆಲ್ಲನ್ನು ಟ್ರಿಣ್ ಟ್ರಿಣ್ ಎನಿಸಿಕೊಂಡು ಬಂದಳು. ಅವನ ಕೈಯಲ್ಲಿದ್ದ ಚಹಾದ ಲೋಟ ಗೋಡೆಗೆ ಹೋಗಿ ಬಿತ್ತು. ಹುಡುಗಿ ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಒಂದು ಗಟ್ಟಿ ಮಾತು ಕೇಳಿದವಳಲ್ಲ. ಅವತ್ತಿನಿಂದ ಬೆಲ್ಲಿಗೆ ಬಟ್ಟೆ ಸುತ್ತಿದಳು, ತನ್ನ ಬಾಯಿಗೂ ಬೀಗ ಹಾಕಿಕೊಂಡಳು.

ಟೈಲರಮ್ಮ ದರ್ಜಿ. ಅವಳಿಗೆ ಮನುಷ್ಯರು ಮೊದಲು ಅಳತೆಯಾಗಿ ಕಾಣುತ್ತಾರೆ, ಆಮೇಲೆ ಮನುಷ್ಯರಾಗಿ. ಗಂಡನ ಕತ್ತು ಹದಿನೈದೂವರೆ ಇದ್ದದ್ದು ಹದಿನಾಲ್ಕೂವರೆಗೆ ಇಳಿದಿತ್ತು. ಮೂರು ಸಲ ಅವನ ಅಂಗಿಗಳನ್ನು ಹಿಡಿದು ಹೊಲಿದಿದ್ದಳು. ನಾಲ್ಕನೇ ಸಲ ಸೂಜಿ ಕೈಗೆತ್ತಿಕೊಂಡಾಗ ಅಳು ಬಂತು, ಅತ್ತಳು. ಅವಳ ಅಕ್ಕ "ನಾಲ್ಕು ದಿನ ಎಲ್ಲಾದ್ರೂ ಸುತ್ತಾಡ್ಕೊಂಡು ಬನ್ನಿ, ಸರಿಹೋಗ್ತಾನೆ" ಎಂದಳು. ಭಾವ "ಗಂಡಸಾಗಿ ಇಷ್ಟು ಪುಕ್ಕಲಾ" ಎಂದ. ಸಲಹೆ ಕೊಡುವುದಕ್ಕೆ ಯಾರಿಗೂ ಖರ್ಚಿಲ್ಲ ನೋಡಿ. ಅವಳು ಇಬ್ಬರಿಗೂ ಚಹಾ ಕೊಟ್ಟು ಕಳಿಸಿದಳು.

ಆ ಹದಿನಾಲ್ಕು ತಿಂಗಳಲ್ಲಿ ಗಿಡ್ಡಣ್ಣ ಒಮ್ಮೆಯೂ ಉದ್ದಣ್ಣನನ್ನು ನೋಡಲು ಹೋಗಿರಲಿಲ್ಲ. ಟೈಲರಮ್ಮ ಆಸ್ಪತ್ರೆಗೆ ಹೋಗಿದ್ದಳು, ಆಮೇಲೆ ಮನೆಗೂ ಎರಡು ಸಲ ಹೋಗಿ ಬಂದಿದ್ದಳು. ಪ್ರತಿ ಸಲವೂ ಉದ್ದಣ್ಣ ಅವಳ ಹಿಂದೆ ಬಾಗಿಲಿನ ಕಡೆ ನೋಡಿ "ಅವನು ಬರ್ಲಿಲ್ವಾ?" ಎಂದು ಕೇಳಿದ್ದ. ಮೂರನೇ ಸಲ ಹೋಗಲು ಅವಳಿಗೇ ಮುಖವಿರಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಉದ್ದಣ್ಣನ ಹೆಂಡತಿಯ ಫೋನು ಬಂತು. "ಅಕ್ಕಾ, ನಾವು ಊರು ಬಿಡ್ತಿದೀವಿ. ನಮ್ಮಣ್ಣನ ಮನೆಗೆ. ಅಲ್ಲಿ ನೆಲಮಹಡೀಲಿ ಒಂದು ರೂಮ್ ಕೊಡ್ತೀನಿ ಅಂದಿದಾನೆ. ಭಾನುವಾರ ಬೆಳಿಗ್ಗೆ ಲಾರಿ ಬರುತ್ತೆ. ಹೋಗೋಕೆ ಮುಂಚೆ ಗಿಡ್ಡಣ್ಣ ಒಂದ್ಸಲ ಮುಖ ತೋರಿಸಿ ಹೋಗ್ಲಿ ಅಂತಿದಾರೆ ಇವರು. ಅಷ್ಟೇ ಕೇಳ್ತಿರೋದು."

ಆ ಊರು ಒಂದು ಹಗಲು ಒಂದು ರಾತ್ರಿಯ ದಾರಿ. ಔಷಧಿ ಅಂಗಡಿಗೇ ಊರು ಸುತ್ತಿ ಹೋಗುವವನು ಅಲ್ಲಿಗೆ ಹೋಗುವುದು ಕನಸಿನ ಮಾತು. ಶನಿವಾರದೊಳಗೆ ನೋಡದಿದ್ದರೆ ಇನ್ನು ಇಲ್ಲ. ಟೈಲರಮ್ಮ ಹೇಳಿದಳು. ಗಂಡ "ಹ್ಞೂಂ" ಎಂದ. ಬುಧವಾರ ಮತ್ತೆ ಹೇಳಿದಳು, ಎದ್ದು ಹೋಗಿ ಕೈ ತೊಳೆದ. ಇವನು ಈ ಸಲ ಹೋಗದಿದ್ದರೆ ಈ ಕುರ್ಚಿಯಿಂದ ಇನ್ನೆಂದೂ ಏಳುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿಹೋಯಿತು. ಹಾಗೆ ಅನ್ನಿಸಿದ ಗಳಿಗೆಯಲ್ಲೇ ಅವಳ ಎದೆ ಡವಡವ ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಗೋಡೆ ಹಿಡಿದು ಕೂತಳು.

ಈ ಎದೆಬಡಿತ ಹೊಸದಲ್ಲ, ಕೆಲವು ತಿಂಗಳಿಂದ ಬಂದು ಹೋಗುತ್ತಿತ್ತು. ಗುರುವಾರ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿದಳು. ನರ್ಸಮ್ಮ ದಪ್ಪ ಕನ್ನಡಕದವಳು. ಅವಳ ಕೋಟಿನ ಅಂಚು ಬಿಚ್ಚಿಹೋಗಿದ್ದನ್ನು ಟೈಲರಮ್ಮ ಆ ಸಂಕಟದಲ್ಲೂ ಗಮನಿಸಿದಳು.

"ಹೃದಯ ಚೆನ್ನಾಗಿದೆ ಅಮ್ಮ" ಎಂದಳು ನರ್ಸಮ್ಮ ಕಾಗದ ನೋಡಿ. "ಇದು ಯಾವಾಗ ಜೋರಾಗುತ್ತೆ?"

"ಯಾರಾದ್ರೂ ಬಾಗಿಲು ತಟ್ಟಿದಾಗ."

"ಬಾಗಿಲು ತಟ್ಟಿದ್ರೆ ಭಯ ಯಾಕೆ?"

"ನಮ್ಮ ಮನೆಯವರು ಹೆದರ್ತಾರೆ. ಅವರು ಹೆದರ್ತಾರಲ್ಲ ಅಂತ ನಾನು ಹೆದರ್ತೀನಿ."

ನರ್ಸಮ್ಮ ಪೆನ್ನು ಕೆಳಗಿಟ್ಟಳು. ಕೇಳುತ್ತಾ ಹೋದಳು, ಇವಳು ಹೇಳುತ್ತಾ ಹೋದಳು. ಶಟರು, ಮೇಜಿನ ಕಾಲು, ಸುತ್ತುದಾರಿ, ಲೋಟ, ಸಾಬೂನು. ಹಿಂದೆ ಆಗಿದ್ದು ಈಗಲೇ ಆಗುತ್ತಿದೆ ಅನ್ನುವ ಹಾಗೆ ಆಡುತ್ತಾರಾ? ಆಡುತ್ತಾರೆ. ಮೊದಲು ಇಷ್ಟಪಡುತ್ತಿದ್ದದ್ದು ಈಗ ಬೇಡವಾ? ರೇಡಿಯೋ ಹಾಕಿ ಒಂದು ವರ್ಷವಾಯಿತು, ಮಗಳು ಪರೀಕ್ಷೆಯಲ್ಲಿ ಮೊದಲು ಬಂದರೆ ಮುಖದಲ್ಲಿ ಏನೂ ಇಲ್ಲ. ತಪ್ಪೆಲ್ಲ ತನ್ನದೇ ಅನ್ನುತ್ತಾರಾ? ಅನ್ನುವುದಿಲ್ಲ, ಆದರೆ ಬೇರೇನನ್ನೂ ಯೋಚಿಸುತ್ತಿಲ್ಲ. ಜೀವ ಬೇಡ ಅಂತ ಯಾವತ್ತಾದರೂ? ಟೈಲರಮ್ಮ ಸೆರಗಿನ ತುದಿ ಹಿಂಡುತ್ತಾ, "ಇಲ್ಲ. ಆದ್ರೆ ನಾನು ಕತ್ತರಿ ಒಳಗಿಟ್ಟು ಮಲಗ್ತೀನಿ" ಎಂದಳು.

"ಇದು ಪುಕ್ಕಲುತನ ಅಲ್ಲ" ಎಂದಳು ನರ್ಸಮ್ಮ. "ಕಾಯಿಲೆ. ಹೆಸರಿದೆ ಇದಕ್ಕೆ, ಆಘಾತದ ನಂತರದ ಒತ್ತಡ ಅಂತಾರೆ. ಭಯಂಕರವಾದ್ದು ಏನಾದ್ರೂ ಆದ್ಮೇಲೆ ಕೆಲವರಿಗೆ ಅದು ಮುಗಿಯೋದೇ ಇಲ್ಲ, ಮೈ ಇನ್ನೂ ಅಲ್ಲೇ ನಿಂತಿರುತ್ತೆ. ಬುಧವಾರ ಇಲ್ಲಿ ಮನಸ್ಸಿನ ಡಾಕ್ಟರು ಬರ್ತಾರೆ. ಮಾತಾಡಿಸ್ತಾರೆ, ಬೇಕಾದ್ರೆ ಮಾತ್ರೆ ಕೊಡ್ತಾರೆ. ಗುಣ ಆಗುತ್ತೆ, ಒಂದೇ ದಿನದಲ್ಲಿ ಅಲ್ಲ. ಕರ್ಕೊಂಡು ಬನ್ನಿ. ನೀವೂ ತೋರಿಸ್ಕೊಳ್ಳಿ."

"ನನಗೇನಾಗಿದೆ?"

"ನಿಮಗೆ ಇನ್ನೂ ಏನೋ ಹೇಳೋದಿದೆ ಅನ್ಸುತ್ತೆ" ಎಂದಳು ನರ್ಸಮ್ಮ. ಟೈಲರಮ್ಮ ಕಾಗದ ಮಡಚಿಕೊಂಡು ಮನೆಗೆ ಬಂದಳು.

ಶುಕ್ರವಾರ ಮಧ್ಯಾಹ್ನ, ಮಗಳು ಮನೆಯಲ್ಲಿಲ್ಲದ ಹೊತ್ತು ನೋಡಿ, ಗಂಡನ ಎದುರು ಮಣೆ ಹಾಕಿಕೊಂಡು ಕೂತಳು. ಬುಧವಾರದ ಡಾಕ್ಟರ ವಿಷಯ ಹೇಳಿದಳು.

"ನನಗೇನು ತಲೆ ಕೆಟ್ಟಿದೆಯಾ?" ಎಂದ ಅವನು.

"ಲಿಫ್ಟ್ ಕೆಟ್ಟಿದೆ ಅಂತ ನೀವು ಹೇಗೆ ಕಂಡುಹಿಡೀತಿದ್ರಿ?"

"ಸದ್ದು ಕೇಳಿ."

"ನಾನೂ ಸದ್ದು ಕೇಳೇ ಹೇಳ್ತಿರೋದು. ಒಂದು ವರ್ಷದಿಂದ ಕೇಳ್ತಿದೀನಿ. ಲಿಫ್ಟಿಗೆ ನೀವು ಬೈತಿದ್ರಾ, ಪುಕ್ಕಲು ಅಂತ?"

ಈ ಸಲ ಅವನು ಎದ್ದು ಕೈ ತೊಳೆಯಲು ಹೋಗಲಿಲ್ಲ. ಟೈಲರಮ್ಮನಿಗೆ ಅಷ್ಟೇ ಧೈರ್ಯ ಸಾಕಾಯಿತು. ನರ್ಸಮ್ಮನ ಮುಂದೆ ನುಂಗಿಕೊಂಡ ಮಾತನ್ನು ಇಲ್ಲಿ ಬಿಟ್ಟಳು.

"ನಿಮ್ಮ ಸೊಂಟ ಹಿಡಿದದ್ದು ನನ್ನಿಂದ. ಹಿಂದಿನ ದಿನ ಹೊಲಿಗೆ ಮೆಷಿನ್ ಕಿಟಕಿ ಹತ್ರ ಸರಿಸಿಕೊಡಿ ಅಂದೆ. ಮಗಳು ಬರಲಿ, ಇಬ್ಬರೂ ಸೇರಿ ಹಿಡೀತೀವಿ ಅಂದ್ರಿ ನೀವು. ಈಗಲೇ ಬೇಕು ಅಂತ ಹಟ ಮಾಡ್ದೆ. ಒಬ್ಬರೇ ಎತ್ತಿದ್ರಿ."

ಅವನು ತಿರುಗಿ ನೋಡಿದ. ಹೊಲಿಗೆ ಮೆಷಿನ್ ಕಿಟಕಿಯ ಹತ್ತಿರ ಇರಲಿಲ್ಲ. ಒಳಗಿನ ಕತ್ತಲೆ ಮೂಲೆಯಲ್ಲಿತ್ತು. ಅದನ್ನು ಅವಳು ಅಪಘಾತದ ಮಾರನೇ ದಿನವೇ ಒಬ್ಬಳೇ ಎಳೆದು ವಾಪಸ್ ಇಟ್ಟಿದ್ದಳು. ಒಂದು ವರ್ಷದಿಂದ ಹಗಲಲ್ಲೂ ದೀಪ ಹಚ್ಚಿಕೊಂಡು ಹೊಲಿಯುತ್ತಿದ್ದಳು. ಅವನು ಅದನ್ನು ಈಗ ನೋಡುತ್ತಿದ್ದ.

"ನೀನೇನು ಮಾಡ್ದೆ, ಹುಚ್ಚಿ" ಎಂದ. "ಕಾಯದೇ ಇದ್ದವನು ನಾನು. ಎರಡು ಕೇಳಿದ್ಮೇಲೆ ಒಂದು ಉಸಿರು ಕಾಯ್ಬೇಕು. ಯಾವಾಗ್ಲೂ ಬಡಿಯೋನು ನಾನು, ಕಾಯೋದು ನನಗೆ ರೂಢಿ ಇರ್ಲಿಲ್ಲ. ಕಾದೆನಾ, ಇಲ್ವಾ, ಅದೇ ನೆನಪಿಗೆ ಬರ್ತಿಲ್ಲ. ಮೂರನೇದು ಬಂತು ಅನ್ಸುತ್ತೆ. ಒತ್ತೋಕೆ ಮುಂಚೆ ಬಂತಾ, ಒತ್ತಿದ್ಮೇಲೆ ಬಂತಾ, ಗೊತ್ತಿಲ್ಲ. ದಿನಾ ಅಲ್ಲೇ ಹೋಗಿ ನಿಂತು ಕೇಳಿಸ್ಕೊಳ್ತೀನಿ. ಎರಡರ ತನಕ ಸರಿಯಾಗಿ ಕೇಳುತ್ತೆ."

ಅವನ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದು ಒಂದು ವರ್ಷದ ಮೇಲಾಗಿತ್ತು. ಅವಳು ಸಮಾಧಾನ ಹೇಳಲಿಲ್ಲ. "ನಾಳೆ ಹೋಗೋಣ. ನಿಮಗೆ ಆಗದಿದ್ರೆ ಅರ್ಧ ದಾರಿಯಿಂದ ವಾಪಸ್ ಬರೋಣ" ಎಂದಳು. ಅವನು ಬೇಡ ಎನ್ನಲಿಲ್ಲ.

ಶನಿವಾರ ಅರ್ಧ ದಾರಿಯಿಂದ ವಾಪಸ್ ಬರುವ ಪ್ರಸಂಗ ಮೂರು ಸಲ ಬಂತು. ಬಸ್ಸಿನ ಬಾಗಿಲು ದಡಕ್ಕೆಂದು ಮುಚ್ಚಿಕೊಂಡಾಗ ಅವನು ಅವಳ ಮಣಿಕಟ್ಟು ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ಬಳೆ ಒಡೆಯಿತು. ಮುಂದಿನ ಸ್ಟಾಪಿನಲ್ಲೇ ಇಳಿದು ನಡೆದರು. ಉದ್ದಣ್ಣನ ಮನೆ ನಾಲ್ಕನೇ ಮಹಡಿ. ಕೆಳಗೆ ಲಿಫ್ಟಿನ ಬಾಗಿಲು ಇತ್ತು, ಪಕ್ಕದಲ್ಲಿ ಸಣ್ಣ ಕೆಂಪು ದೀಪ. ಅವನು ಅದರ ಕಡೆ ಬೆನ್ನು ಮಾಡಿ ಗೋಡೆ ಸವರಿಕೊಂಡು ಮೆಟ್ಟಿಲು ಹತ್ತಿದ. ಪ್ರತಿ ಮಹಡಿಯಲ್ಲೂ ನಿಂತ. ಗೋಡೆಯ ಆಚೆ ಪೆಟ್ಟಿಗೆ ಮೇಲೆ ಹೋಗುವ ಸದ್ದಾದಾಗ ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟ. ಅವಳು ಹಿಂದೆ ನಿಂತಿದ್ದಳು. ಬೆನ್ನಿನ ಮೇಲೆ ಅಂಗಿ ಒದ್ದೆಯಾಗಿ ಅಂಟಿಕೊಂಡಿದ್ದನ್ನು ನೋಡುತ್ತಾ, ಇವನನ್ನು ಕರೆತಂದು ತಪ್ಪು ಮಾಡಿದೆನೇ ಎಂದುಕೊಂಡಳು.

ಬಾಗಿಲು ಬಂತು. ಹೊರಗೆ ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆಗಳು ಸಾಲಾಗಿ ಇದ್ದವು. ಬೆಲ್ಲಿನ ವೈರು ಕಿತ್ತಿದ್ದರು. ಅವಳು ಕೈ ಎತ್ತುವಷ್ಟರಲ್ಲಿ ಅವನೇ ಮುಂದೆ ಹೋದ.

ಬಾಗಿಲು ತಟ್ಟಿದ. ಒಂದು. ಎರಡು.

ಕೈ ಅಲ್ಲೇ ನಿಂತಿತು. ತಾನೇ ಎರಡು ತಟ್ಟಿದ್ದನೆಂದು ಅವನಿಗೆ ತಿಳಿದದ್ದು ತಟ್ಟಿದ ಮೇಲೆ. ಕಣ್ಣು ನೆಲಕ್ಕೆ ಹೋಯಿತು. ಟೈಲರಮ್ಮ ಅವನ ಪರವಾಗಿ ಮೂರನೆಯದನ್ನು ತಾನೇ ತಟ್ಟಿಬಿಡೋಣವೆಂದು ಮುಂದೆ ಬಾಗಿದಳು.

ಒಳಗಿನಿಂದ ಕಬ್ಬಿಣದ ಮೇಲೆ ಕಬ್ಬಿಣ ಬಿದ್ದ ಸದ್ದು ಬಂತು. ಒಂದೇ ಒಂದು. ಅವಸರದ್ದು.

ಗಿಡ್ಡಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ಕುಸಿದು ಕೂತ. ಉದ್ದಣ್ಣನ ಹೆಂಡತಿ ಬಾಗಿಲು ತೆಗೆದವಳು ಅವನನ್ನು ನೋಡಿ, ಟೈಲರಮ್ಮನನ್ನು ನೋಡಿ, ನಾಚಿಕೆಪಟ್ಟವಳ ಹಾಗೆ ತಗ್ಗಿದ ದನಿಯಲ್ಲಿ ಹೇಳಿದಳು.

"ಗಾಬರಿ ಆಗ್ಬೇಡಿ ಅಕ್ಕಾ. ಅದು ಇವರೇ. ಮಂಚದ ಪಕ್ಕ ಒಂದು ಸ್ಪ್ಯಾನರ್ ಇಟ್ಕೊಂಡಿದಾರೆ. ಯಾರು ಎರಡು ಸಲ ಬಾಗಿಲು ತಟ್ಟಿದ್ರೂ ಹೀಗೇ ಒಂದು ಬಡೀತಾರೆ. ನೀವು ಹಿಂದೆ ಬಂದಾಗೆಲ್ಲ ಬೆಲ್ ಒತ್ತಿದ್ರಿ, ನಿಮಗೆ ಗೊತ್ತಾಗ್ಲಿಲ್ಲ. ಯಾಕೆ ಅಂತ ಕೇಳಿದ್ರೆ ಸಿಟ್ಟು ಮಾಡ್ತಾರೆ. ಯಾರಿಗೂ ಹೇಳ್ಬೇಡ ಅಂದಿದಾರೆ."

ಟೈಲರಮ್ಮ ಗಂಡನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಒಳಗೆ ಕಬ್ಬಿಣದ ಮಂಚದ ಮೇಲೆ ಉದ್ದಣ್ಣ ದಿಂಬಿಗೆ ಒರಗಿದ್ದ. ಆ ಉದ್ದ ಈಗ ಒಂದು ಕಡೆ ಮಂಡಿಗೇ ಮುಗಿದಿತ್ತು. ಸ್ಪ್ಯಾನರ್ ಇನ್ನೂ ಕೈಯಲ್ಲೇ ಇತ್ತು, ಅದನ್ನು ಹೊದಿಕೆಯ ಕೆಳಗೆ ಮರೆಮಾಡಲು ಹೋಗಿ, ಬಂದವನು ಯಾರೆಂದು ಕಂಡು, ಮರೆಮಾಡಲಿಲ್ಲ. ಮಂಚದ ಕಂಬಿಯ ಬಣ್ಣ ಒಂದೇ ಜಾಗದಲ್ಲಿ ಸುಲಿದುಹೋಗಿ ಬಿಳಿಯ ಲೋಹ ಕಾಣುತ್ತಿತ್ತು.

"ಮೂರನೇದು ನಾನು ತಡ ಮಾಡ್ದೆ ಕಣೋ" ಎಂದ ಉದ್ದಣ್ಣ. ಕ್ಷೇಮ ಸಮಾಚಾರ ಏನೂ ಇಲ್ಲ, ಹದಿನಾಲ್ಕು ತಿಂಗಳಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತು. "ಎರಡು ಬಡಿದೆ, ಸ್ಪ್ಯಾನರ್ ಜಾರ್ತು. ಹಿಡ್ಕೊಳ್ಳೋಷ್ಟರಲ್ಲಿ ಹೊತ್ತಾಯ್ತು. ನಿನ್ನನ್ನ ಕರೆದು ಹೇಳ್ಬೇಕು ಅಂತ ಇದ್ದೆ. ನೀನು ಬರ್ಲಿಲ್ಲ. ನನ್ನ ಮೇಲೆ ಸಿಟ್ಟು ಅನ್ಕೊಂಡೆ."

"ನಾನು ಉಸಿರು ಕಾಯ್ಲಿಲ್ಲ" ಎಂದ ಗಿಡ್ಡಣ್ಣ.

"ಕಾದಿರ್ತೀಯ."

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ" ಎಂದ ಉದ್ದಣ್ಣ.

ಗಿಡ್ಡಣ್ಣ ಮಂಚದ ಅಂಚಿನಲ್ಲಿ, ಕಾಲಿಲ್ಲದ ಜಾಗದಲ್ಲಿ ಕೂತ. ಹೆಂಗಸರಿಬ್ಬರೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಪಕ್ಕದ ಮನೆಯಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದಿರಬೇಕು. ಎರಡು ಏಟು ಬಿತ್ತು, ನಿಂತಿತು.

ಇಬ್ಬರ ಕಣ್ಣೂ ಒಟ್ಟಿಗೆ ನೆಲಕ್ಕೆ ಹೋಯಿತು. ಇಬ್ಬರ ಬಲಗೈಯೂ ಒಟ್ಟಿಗೆ ಮೇಲೆದ್ದಿತು. ಮಂಚದ ಕಂಬಿಯ ಮೇಲೆ ಒಂದು ಕಡೆ ಗೆಣ್ಣು, ಇನ್ನೊಂದು ಕಡೆ ಸ್ಪ್ಯಾನರ್, ಒಂದೇ ಸಲಕ್ಕೆ ಬಿತ್ತು. ಆಮೇಲೆ ಇಬ್ಬರೂ ಒಬ್ಬರ ಕೈಯನ್ನು ಒಬ್ಬರು ನೋಡಿದರು.

ಟೈಲರಮ್ಮ ಉದ್ದಣ್ಣನ ಹೆಂಡತಿಯ ಕಡೆ ತಿರುಗಿದಳು.

"ಲಾರಿಯವನಿಗೆ ಫೋನ್ ಮಾಡಿ ನಾಳೆ ಬೇಡ ಅನ್ನು" ಎಂದಳು. "ಬುಧವಾರ ಇವರಿಬ್ಬರನ್ನೂ ಒಂದು ಕಡೆ ಕರ್ಕೊಂಡು ಹೋಗೋದಿದೆ. ನಾನೂ ತೋರಿಸ್ಕೋಬೇಕು."